ದೃಢೀಕರಣಕ್ಕೆ ಕಳುಹಿಸಿದ ಸಹಿಯುಳ್ಳ ಬೇಸ್‌ಬಾಲ್ ಕಾರ್ಡ್ ಅದಲುಬದಲಾಗಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಹಸ್ತಾಕ್ಷರ ದೃಢೀಕರಣ ಸಂಸ್ಥೆ

ಮಾನ್ಯರೇ,

ಬೇಸ್‌ಬಾಲ್ ಆಟಗಾರ ಹಾರ್ಮನ್ ಕಿಲ್ಲೆಬ್ರೂ ಅವರ ಸಹಿಯಿರುವ, ಟಾಪ್ಸ್ ಕಂಪನಿಯ 1969ರ ಕಾರ್ಡೊಂದನ್ನು ಕಳೆದ ಮಾರ್ಚ್ ತಿಂಗಳಲ್ಲಿ ದೃಢೀಕರಣಕ್ಕಾಗಿ ತಮ್ಮ ಸಂಸ್ಥೆಗೆ ಕಳುಹಿಸಿದ್ದೆ. ಅದರ ಬದಲು ಅದೇ ವರ್ಷದ, ಅದೇ ಆಟಗಾರರ, ಆದರೆ ನನ್ನದಲ್ಲದ ಇನ್ನೊಂದು ಕಾರ್ಡನ್ನು ತಾವು ಪ್ಲಾಸ್ಟಿಕ್ ಕವಚದಲ್ಲಿಟ್ಟು ಮುದ್ರೆ ಹಾಕಿ ಹಿಂದಿರುಗಿಸಿದ್ದೀರಿ. ಇದನ್ನು ಎರಡು ಬಾರಿ ಫೋನಿನಲ್ಲಿ, ಮೂರು ಬಾರಿ ಇಮೇಲಿನಲ್ಲಿ ತಿಳಿಸಿದ್ದೇನೆ. ಎರಡೂ ಕಾರ್ಡುಗಳ ಮಾರುಕಟ್ಟೆ ಬೆಲೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ನನಗೆ ನಷ್ಟವೇನೂ ಆಗಿಲ್ಲವೆಂಬ ಉತ್ತರ ಬಂತು. ಆ ಉತ್ತರವನ್ನು ನಾನು ಒಪ್ಪುವುದಿಲ್ಲ.

ನನ್ನ ಕಾರ್ಡಿನ ಸಹಿ ನೀಲಿ ಶಾರ್ಪಿ ಮಾರ್ಕರ್ ಪೆನ್ನಿನಲ್ಲಿದೆ. ಹೆಸರಿನ ಕೊನೆಯ ಅಕ್ಷರ ಬಿಳಿ ಅಂಚನ್ನು ಮುಟ್ಟಿದ ಕಡೆ ಶಾಯಿ ಕೂದಲೆಳೆಯಷ್ಟು ಹರಡಿದೆ, ಹಿಂಬದಿಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕಂದು ಕಲೆಯಿದೆ. ತಾವು ಕಳುಹಿಸಿದ ಕಾರ್ಡಿನ ಸಹಿ ಕಪ್ಪು ಬಾಲ್‌ಪೆನ್ನಿನದು, ಹಿಂಬದಿಯಲ್ಲಿ ಕಲೆಯೇ ಇಲ್ಲ. ಕಳುಹಿಸುವ ಮುನ್ನ ಎರಡೂ ಬದಿ ತೆಗೆದಿದ್ದ ಫೋಟೋಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಈ ಕಾರ್ಡನ್ನು ನಾನು ಅಂಗಡಿಯಲ್ಲಿ ಕೊಂಡದ್ದಲ್ಲ. ಮೈಸೂರಿನಿಂದ ಮಿನೆಸೋಟಾಕ್ಕೆ ಬಂದ ಹೊಸದರಲ್ಲಿ, ಬ್ಲೂಮಿಂಗ್ಟನ್ನಿನ ಮಾಲ್ ಆಫ್ ಅಮೆರಿಕದೊಳಗೆ ಎತ್ತರದ ಗೋಡೆಗೆ ಜೋಡಿಸಿದ ಕೆಂಪು ಕುರ್ಚಿಯೊಂದನ್ನು ಕಂಡು, ಅದೇನೆಂದು ಸಹೋದ್ಯೋಗಿಯೊಬ್ಬರನ್ನು ಕೇಳಿದ್ದೆ. ಮಾಲ್ ಕಟ್ಟುವ ಮುಂಚೆ ಅಲ್ಲಿ ಮಿನೆಸೋಟಾ ಟ್ವಿನ್ಸ್ ಬೇಸ್‌ಬಾಲ್ ತಂಡದ ಮೈದಾನವಿತ್ತೆಂದೂ, 1967ರ ಜೂನ್ 3ರಂದು ಕಿಲ್ಲೆಬ್ರೂ ಹೊಡೆದ 520 ಅಡಿಯ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೋಗಿ ಬಿದ್ದ ಜಾಗದ ಗುರುತು ಅದೆಂದೂ ಅವರು ಹೇಳಿದರು. ಕ್ರಿಕೆಟ್ ಬಿಟ್ಟರೆ ಬೇರೆ ಆಟ ತಿಳಿಯದಿದ್ದ ನನಗೆ ಬೇಸ್‌ಬಾಲ್ ಹಿಡಿಸಿದ್ದು ಅಂದಿನಿಂದ. 2009ರಲ್ಲಿ ಈ ಕಾರ್ಡನ್ನು, ಒಂದು ಪತ್ರವನ್ನು ಮತ್ತು ನನ್ನದೇ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಲಕೋಟೆಯನ್ನು ಕಿಲ್ಲೆಬ್ರೂ ಅವರಿಗೆ ಕಳುಹಿಸಿದೆ. ಮೂರು ವಾರದಲ್ಲಿ ಕಾರ್ಡ್ ಸಹಿಯಾಗಿ ಮರಳಿತು. ಅಭಿಮಾನಿಗೆ ಓದಲು ಬರುವಂತೆ ಸಹಿ ಮಾಡಬೇಕೆಂದು ತಂಡದ ಕಿರಿಯ ಆಟಗಾರರಿಗೂ ಬುದ್ಧಿ ಹೇಳುತ್ತಿದ್ದ ಹಿರಿಯರು ಅವರು. 573 ಹೋಮ್ ರನ್ ಹೊಡೆದ ಕೈ ನನ್ನಂಥ ಅಪರಿಚಿತನಿಗಾಗಿ ಒಂದಕ್ಷರವನ್ನೂ ನುಂಗದೆ ಹೆಸರು ಬರೆದಿತ್ತು. 2011ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಇನ್ನೊಮ್ಮೆ ಬರೆಸಿಕೊಳ್ಳುವ ದಾರಿ ಇಲ್ಲ.

ಅಂಚೆ ಮುದ್ರೆಯಿರುವ ಆ ಲಕೋಟೆ ಇಂದಿಗೂ ನನ್ನ ಬಳಿ ಇದೆ. ನಕಲಿ ಸಹಿಗಳ ಜಾಲವನ್ನು ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಹೆಸರಿನಲ್ಲಿ ಬಯಲಿಗೆಳೆದ ಮೇಲೆ, ಒಂದು ಸಹಿ ಯಾರ ಕೈಯಿಂದ ಯಾರ ಕೈಗೆ ಬಂತೆಂಬುದು ಎಷ್ಟು ಮುಖ್ಯವೆಂದು ತಮಗೆ ನಾನು ಹೇಳಬೇಕಾಗಿಲ್ಲ. ಆ ಲಕೋಟೆಯಲ್ಲಿ ಬಂದ ಕಾರ್ಡ್ ಒಂದೇ ಒಂದು. ಸಮಾನ ಬೆಲೆಯ ಬೇರೆ ಕಾರ್ಡ್ ಅದರ ಜಾಗ ತುಂಬಲಾರದು.

ನನ್ನ ಪಾರ್ಸೆಲ್ ತೆರೆದ ದಿನ ತಮ್ಮಲ್ಲಿ ದಾಖಲಾದ ಸ್ಕ್ಯಾನ್‌ಗಳನ್ನು ಪರಿಶೀಲಿಸಿ, ಅದೇ ಸಮಯದಲ್ಲಿ ಕಿಲ್ಲೆಬ್ರೂ ಕಾರ್ಡ್ ಕಳುಹಿಸಿದ್ದ ಇತರ ಗ್ರಾಹಕರನ್ನು ಸಂಪರ್ಕಿಸಿ, ನನ್ನ ಕಾರ್ಡನ್ನು ಹುಡುಕಿಸಿಕೊಡಬೇಕೆಂದು ಕೋರುತ್ತೇನೆ. ನನ್ನ ಬಳಿ ಇರುವ ಕಾರ್ಡಿನ ಒಡೆಯರೂ ಎಲ್ಲೋ ಹೀಗೆಯೇ ಪರದಾಡುತ್ತಿರಬಹುದು. ಅವರಿಗಾಗಿ ಅದನ್ನು ಕವಚ ಒಡೆಯದೆ, ಬಿಸಿಲು ತಾಗದಂತೆ ಜೋಪಾನವಾಗಿ ಇಟ್ಟಿದ್ದೇನೆ. ತಾವು ಸಾಗಣೆಯ ವೆಚ್ಚ ಭರಿಸಿ, ವಿಮೆ ಮಾಡಿಸಿದ ಲೇಬಲ್ ಕಳುಹಿಸಿದ ದಿನವೇ ಅದನ್ನು ರವಾನಿಸುತ್ತೇನೆ.

ಈ ಪತ್ರ ತಲುಪಿದ 30 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ಮಿನೆಸೋಟಾ ಅಟಾರ್ನಿ ಜನರಲ್ ಕಚೇರಿಗೆ ಗ್ರಾಹಕನಾಗಿ ದೂರು ಸಲ್ಲಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬ್ಲೂಮಿಂಗ್ಟನ್ನಿನ ಗ್ರಾಹಕ

ಲಗತ್ತು: ಸಲ್ಲಿಕೆಯ ರಸೀದಿ, ಎರಡೂ ಕಾರ್ಡುಗಳ ಫೋಟೋಗಳು, 2009ರ ಲಕೋಟೆಯ ನಕಲು ಪ್ರತಿ