ಎರಡು ಮೂರು ಐದಾಗಲು ಯಾರ ಅಪ್ಪಣೆ?

ಪ್ರಿಯ ಗೆಳೆಯಾ,

ಎರಡಕ್ಕೆ ಮೂರು ಕೂಡಿದರೆ ಐದು ಅನ್ನುವುದೂ ದೇವರ ಇಚ್ಛೆಯೇ ಆದರೆ, ನಾಳೆ ಅದು ಆರಾಗದು ಎಂಬ ಖಾತ್ರಿ ಏನು ಅಂತ ಕೇಳಿದ್ದೀಯ. ಒಳ್ಳೆಯ ಪ್ರಶ್ನೆ, ಆದರೆ ನೀನು ಹುಡುಕುತ್ತಿರುವ ಜಾಗ ತಪ್ಪು. ಗಣಿತದ ಸತ್ಯಗಳೂ ದೇವರ ಸಂಕಲ್ಪದಿಂದಲೇ ನಿಂತಿವೆ ಎಂದವನು ಫ್ರೆಂಚ್ ತತ್ವಜ್ಞಾನಿ ದೆಕಾರ್ತ್. 1641ರಲ್ಲಿ ಬಂದ ದೆಕಾರ್ತ್‌ನ ‘ಧ್ಯಾನಗಳು’ ಪುಸ್ತಕದ ಆರು ಧ್ಯಾನಗಳಲ್ಲಿ ಈ ವಾದ ಬಿಡಿಸಿಟ್ಟಂತೆ ಸಿಗದು. ಪುಸ್ತಕದ ಹಿಂದಿರುವ, ಬೇರೆ ವಿದ್ವಾಂಸರ ಆಕ್ಷೇಪಗಳಿಗೆ ಅವನು ಕೊಟ್ಟ ಉತ್ತರದಲ್ಲಿ ಇಣುಕುತ್ತದೆ, ಅಷ್ಟೇ. ಬೇರು ಇರುವುದು ಅದಕ್ಕೂ 11 ವರ್ಷ ಹಿಂದೆ, 1630ರ ಏಪ್ರಿಲ್ 15, ಮೇ 6 ಮತ್ತು ಮೇ 27ರಂದು ಅವನು ತನ್ನ ವಿದ್ವಾಂಸ ಗೆಳೆಯ ಮೆರ್ಸೆನ್‌ಗೆ ಬರೆದ ಕಾಗದಗಳಲ್ಲಿ.

ಮೊದಲ ಕಾಗದದ ಮಾತು ನೇರ: ರಾಜ ತನ್ನ ರಾಜ್ಯಕ್ಕೆ ಕಾನೂನು ಮಾಡುವ ಹಾಗೆ ದೇವರು ಗಣಿತದ ಸತ್ಯಗಳನ್ನು ನಿಲ್ಲಿಸಿದ್ದಾನೆ. ಅವು ದೇವರ ಹಂಗಿಲ್ಲದೆ ನಿಂತಿವೆ ಎಂದರೆ ಅವನನ್ನು ವಿಧಿಗೆ ತಲೆಬಾಗುವ, ರೋಮನ್ನರ ದೇವರಾಜ ಜೂಪಿಟರ್ ಮಾಡಿದಂತೆ. ಹಾಗಾದರೆ ರಾಜನಂತೆ ಕಾನೂನು ತಿದ್ದಬಹುದಲ್ಲ? ತಿದ್ದಬಹುದು, ಅವನ ಸಂಕಲ್ಪ ಬದಲಾಗುವಂಥದ್ದಾದರೆ! ಅದು ಬದಲಾಗದು ಎಂಬುದು ದೆಕಾರ್ತ್‌ನ ಉತ್ತರ.

ಹೆಚ್ಚಿನವರು ಎಡವುವುದು ಇಲ್ಲೇ. ‘ಬೇರೆ ಥರ ಮಾಡಬಹುದಿತ್ತು’ ಅನ್ನುವುದೇ ಒಂದು, ‘ಇನ್ನು ಮುಂದೆ ಬೇರೆ ಥರ ಮಾಡಿಯಾನು’ ಅನ್ನುವುದೇ ಇನ್ನೊಂದು. ದೆಕಾರ್ತ್ ಒಪ್ಪುವುದು ಮೊದಲನೆಯದನ್ನು ಮಾತ್ರ. ಕೈವಾರದ ಮೊನೆ ಊರಿ ಒಂದು ವೃತ್ತ ಎಳೆ. ಈಗ ಅದರ ತ್ರಿಜ್ಯಗಳಲ್ಲಿ ಒಂದು ಗಿಡ್ಡ, ಒಂದು ಉದ್ದ ಎಂದು ಊಹಿಸಲು ನೋಡು. ಕಣ್ಣ ಮುಂದೆ ಬರುವುದು ಮೊಟ್ಟೆ, ವೃತ್ತವಲ್ಲ. ಆದರೂ ತ್ರಿಜ್ಯಗಳು ಸಮವಾಗಿರದಂತೆ ಮಾಡಲು ದೇವರು ಸ್ವತಂತ್ರನಿದ್ದ ಅಂತ ಮೇ 27ರ ಕಾಗದ ಹೇಳುತ್ತದೆ. ನಮ್ಮ ಊಹೆಗೆ ಎಟುಕದ್ದು ನಮ್ಮ ಮನಸ್ಸಿನ ಮಿತಿ, ಅವನ ಶಕ್ತಿಯದ್ದಲ್ಲ. ಬೆಟ್ಟವನ್ನು ಕೈಯಿಂದ ಮುಟ್ಟಬಹುದು, ತಬ್ಬಿಕೊಳ್ಳಲಾಗದು, ದೇವರನ್ನು ಅರಿಯುವುದೂ ಹಾಗೇ ಎಂಬ ಹೋಲಿಕೆ ಇರುವುದೂ ಅಲ್ಲೇ.

ಎಲ್ಲವನ್ನೂ ಸಂದೇಹಿಸಿ ನೋಡಲು ದೆಕಾರ್ತ್ ಮೊದಲ ಧ್ಯಾನದಲ್ಲಿ ಕಲ್ಪಿಸಿಕೊಂಡ ಮೋಸಗಾರನನ್ನು ಇದರ ಜೊತೆ ಕಲಸಬೇಡ. ಮೋಸಗಾರ ಕೆಡಿಸುವುದು ನಮ್ಮ ತಿಳಿವನ್ನು. ಸತ್ಯ ಇರುವಲ್ಲೇ ಇರುತ್ತದೆ. ಸಂಕಲ್ಪದ ವಾದದಲ್ಲಾದರೋ ಸತ್ಯವೇ ಹುಟ್ಟುವುದು ದೇವರಿಂದ.

ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ 1714ರ ತನ್ನ ‘ಮೊನಡಾಲಜಿ’ ಕೃತಿಯ 46ನೇ ಕಂಡಿಕೆಯಲ್ಲಿ ಪಾಲು ಮಾಡಿಕೊಟ್ಟ: ನಿತ್ಯಸತ್ಯಗಳು ದೇವರ ಬುದ್ಧಿಗೆ ಸೇರಿದವು, ಬೇರೆ ಥರವೂ ಇರಬಹುದಾಗಿದ್ದ ಸಂಗತಿಗಳು ಇಚ್ಛೆಗೆ. ಅಚ್ಚುಕಟ್ಟಾಗಿದೆ, ಆದರೆ ದೆಕಾರ್ತ್‌ಗೆ ತಾಗದು. ದೇವರಲ್ಲಿ ಅರಿಯುವುದೂ ಇಚ್ಛಿಸುವುದೂ ಒಂದೇ ಎಂದವನಿಗೆ ಪಾಲು ಎಲ್ಲಿಂದ? ನನ್ನ ಮಟ್ಟಿಗೆ ಚುಚ್ಚುವುದು ಫ್ರೆಂಚ್ ತತ್ವಜ್ಞಾನಿ ಮಾಲ್‌ಬ್ರಾಂಶ್ ಕೇಳಿದ್ದು: ನಾಲ್ಕೆರಡಲೆ ಎಂಟು ಎನ್ನುವುದು ಅನಿವಾರ್ಯವಲ್ಲದಿದ್ದರೆ, ಅದು ಕೆಲವೇ ವಿಶ್ವವಿದ್ಯಾಲಯಗಳಲ್ಲಿ ಚಲಾವಣೆಯಲ್ಲಿರುವ, ಕೆಲವು ಕಾಲ ಮಾತ್ರ ಬಾಳುವ ಸತ್ಯವಲ್ಲ ಎಂಬುದಕ್ಕೆ ಭರವಸೆ ಏನು? ಸಂಕಲ್ಪ ಬದಲಾಗದು ಅಂತ ನಮಗೆ ತಿಳಿಯುವುದು ತರ್ಕದಿಂದ. ಆ ತರ್ಕದ ನಿಯಮಗಳೂ ಅದೇ ಸಂಕಲ್ಪದ ಕೂಸುಗಳು. ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತರ್ಕಪಂಡಿತರು, ಇದನ್ನು ಅನ್ಯೋನ್ಯಾಶ್ರಯ (ಒಂದಕ್ಕೊಂದು ಆಧಾರವಾಗಿ ನಿಲ್ಲುವ ದೋಷ) ಅನ್ನುತ್ತಿದ್ದರು. ‘ಧ್ಯಾನಗಳು’ ಮೇಲಿನ ನಾಲ್ಕನೇ ಆಕ್ಷೇಪದಲ್ಲಿ ದೇವತಾಶಾಸ್ತ್ರಜ್ಞ ಅರ್ನೋ ಹಿಡಿದ ಸುತ್ತುವಾದದ (ಸ್ಪಷ್ಟ ತಿಳಿವು ನಿಜ ಎನ್ನಲು ದೇವರು ಬೇಕು, ದೇವರಿದ್ದಾನೆ ಎನ್ನಲು ಸ್ಪಷ್ಟ ತಿಳಿವು ಬೇಕು) ತಮ್ಮನೇ ಇದು.

ಮೊದಲು ಆ ಕಾಗದಗಳನ್ನು ಓದು, ಆಮೇಲೆ ಮೂರನೇ ಧ್ಯಾನ. ಅದರ ಕೊನೆಯಲ್ಲಿ, ಮೋಸ ಹುಟ್ಟುವುದು ಏನಾದರೊಂದು ಕೊರತೆಯಿಂದ, ಆದ್ದರಿಂದ ಪರಿಪೂರ್ಣ ದೇವರು ಮೋಸಗಾರನಲ್ಲ ಎಂಬ ಸಾಲು ಬರುತ್ತದೆ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆ: ‘ಇದು ಯಾರ ಅಪ್ಪಣೆಯಿಂದ ನಿಜ?’ ನಿನಗೆ ಏನು ಉತ್ತರ ಹೊಳೆಯಿತು ಅಂತ ತಿಳಿಸು.

ಇಂತಿ,
ನಿನ್ನ ಗೆಳೆಯ