ಸ್ಮಾರ್ಟ್ ಬೋರ್ಡು ಬಂತು, ಇನ್ನು ಮೇಷ್ಟ್ರನ್ನು ಒಟ್ಟಿಗೆ ಕೂಡಿಸಿ: ಮಂಡಳಿ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮಾನ್ಯ ಅಧ್ಯಕ್ಷರಿಗೆ,

ಶರಣು ಶರಣಾರ್ಥಿ.

ನಾನು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನವನು. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು, 2013ರಲ್ಲಿ ಮಂಡಳಿ ಹುಟ್ಟಿದ ಮೇಲೆ ನಮ್ಮ ಭಾಗದ ಶಾಲೆಗಳಿಗೆ ಕೋಣೆಗಳು ಬಂದವು, ಶೌಚಾಲಯ ಬಂದವು, ಸ್ಮಾರ್ಟ್ ಕ್ಲಾಸ್‌ಗಳೂ ಬಂದವು. ಅದನ್ನು ನಾವು ಮರೆತಿಲ್ಲ. 'ಅಕ್ಷರ ಆವಿಷ್ಕಾರ'ದ ಹೆಸರಿನಲ್ಲಿ ಶಿಕ್ಷಣಕ್ಕೆಂದೇ ದುಡ್ಡು ತೆಗೆದಿಡುತ್ತಿದ್ದೀರಿ ಅನ್ನುವುದೂ ಗೊತ್ತು. ಮುಂದಿನ ಖರೀದಿಗೆ ಸಹಿ ಹಾಕುವ ಮೊದಲು ಒಬ್ಬ ಮೇಷ್ಟ್ರ ಮಾತನ್ನೂ ಕೇಳಿಸಿಕೊಳ್ಳಿ ಅಂತ ಈ ಪತ್ರ ಬರೆಯುತ್ತಿದ್ದೇನೆ.

2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಶೇ 50.59ರೊಂದಿಗೆ ರಾಜ್ಯದ ಕೊನೆಯಲ್ಲಿ ನಿಂತದ್ದು ಯಾದಗಿರಿ. 2025ರಲ್ಲಿ ಶೇ 42.43ರೊಂದಿಗೆ ಕಲಬುರಗಿ. ಫಲಿತಾಂಶ ಬಂದ ಕೂಡಲೇ ಸಭೆ, ಸೂಚನೆ, ವಿಶೇಷ ತರಗತಿ ಎಲ್ಲ ಶುರುವಾಗುತ್ತವೆ. ಆದರೆ ಪಾಠ ಮಾಡುವಾಗ ಎಲ್ಲಾದರೂ ತೊಡಕು ಬಂದರೆ ಈ ಮೇಷ್ಟ್ರು ಯಾರನ್ನು ಕೇಳಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಹಳ್ಳಿ ಹೈಸ್ಕೂಲಿನಲ್ಲಿ ಗಣಿತಕ್ಕೆ ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ವಿಜ್ಞಾನಕ್ಕೆ ಒಬ್ಬರು, ಇಂಗ್ಲಿಷ್‌ಗೆ ಒಬ್ಬರು. ಎಷ್ಟೋ ಕಡೆ ಅವರೂ ಅತಿಥಿ ಶಿಕ್ಷಕರು. ಸ್ಟಾಫ್ ರೂಮಿನಲ್ಲಿ ಏಳೆಂಟು ಜನ ಇದ್ದರೂ ತ್ರಿಕೋನಮಿತಿಯನ್ನು ಹೇಗೆ ಶುರು ಮಾಡಿದಿರಿ, ಮಕ್ಕಳು ಎಲ್ಲಿ ಎಡವಿದರು ಅಂತ ಮಾತಾಡಲು ಜೊತೆಗಾರರಿಲ್ಲ. ಅಂಥ ಜೊತೆಗಾರರು ಇರುವುದು ಪಕ್ಕದ ಊರಿನ ಶಾಲೆಯಲ್ಲಿ. ಅವರೂ ಅಲ್ಲಿ ಒಬ್ಬರೇ. ಇಬ್ಬರೂ ಭೇಟಿಯಾಗುವುದು ಮೌಲ್ಯಮಾಪನ ಕೇಂದ್ರದಲ್ಲಿ. ಅಷ್ಟರಲ್ಲಿ ವರ್ಷ ಮುಗಿದಿರುತ್ತದೆ. ತಂತ್ರಜ್ಞಾನ ನಮ್ಮ ಭಾಗಕ್ಕೆ ಮೊದಲು ಬೇಕಾಗಿರುವುದು ಇವರಿಬ್ಬರನ್ನು ಕೂಡಿಸಲು.

ಇದು ಆಗದ ಮಾತೇನಲ್ಲ. ನಮ್ಮ ರಾಜ್ಯದಲ್ಲೇ ಆಗಿದೆ. ವಿಷಯ ಶಿಕ್ಷಕರ ವೇದಿಕೆ ಅಂತ ಒಂದು ಕಾರ್ಯಕ್ರಮ ಇತ್ತು. ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಜ್ಯದ ಡಿಎಸ್‌ಇಆರ್‌ಟಿ, ಹೈಸ್ಕೂಲುಗಳಿಗಾಗಿ ಇದ್ದ ಕೇಂದ್ರದ ಆರ್‌ಎಂಎಸ್‌ಎ ಯೋಜನೆ ಮತ್ತು 'ಐಟಿ ಫಾರ್ ಚೇಂಜ್' ಅನ್ನುವ ಸ್ವಯಂಸೇವಾ ಸಂಸ್ಥೆ ಸೇರಿ ಮಾಡಿದ್ದು. ಬೇರೆ ಬೇರೆ ಜಿಲ್ಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರು ಇಮೇಲ್ ಗುಂಪುಗಳಲ್ಲಿ ಪ್ರಶ್ನೆ ಕೇಳುತ್ತಿದ್ದರು, ಉತ್ತರ ಕೊಡುತ್ತಿದ್ದರು, ತಾವು ಮಾಡಿದ ಚಟುವಟಿಕೆ ಹಂಚುತ್ತಿದ್ದರು. ಅದರಿಂದಲೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ ಬೆಳೆಯಿತು. ವಿಕಿಪೀಡಿಯದ ಹಾಗೆ ಅಲ್ಲಿ ಶಿಕ್ಷಕರೇ ಬರೆದರು, ಶಿಕ್ಷಕರೇ ತಿದ್ದಿದರು. ಕಲಬುರಗಿಯ ಒಬ್ಬ ಶಿಕ್ಷಕಿ ಹಾಕಿದ ಪಾಠವನ್ನು ಚಾಮರಾಜನಗರದವರು ಬಳಸಬಹುದಿತ್ತು, ಬದಲಾಯಿಸಬಹುದಿತ್ತು. ಯಾರ ಅನುಮತಿಯೂ ಬೇಕಿರಲಿಲ್ಲ.

ಈಗ ಎಲ್ಲರ ಕೈಯಲ್ಲೂ ವಾಟ್ಸ್‌ಆ್ಯಪ್ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ, ಆದರೆ ನಮ್ಮ ಗುಂಪುಗಳಲ್ಲಿ ಜಾಸ್ತಿ ಓಡಾಡುವುದು ಸುತ್ತೋಲೆಗಳು ಮತ್ತು 'ಇಂದು ಸಂಜೆ ಐದರೊಳಗೆ ಮಾಹಿತಿ ಸಲ್ಲಿಸಿ' ಅನ್ನುವ ಸಂದೇಶಗಳು. ಅದರ ನಡುವೆ ಒಬ್ಬರು ಒಳ್ಳೆಯ ಪಾಠದ ಫೋಟೊ ಹಾಕಿದರೂ ಸಂಜೆಗೆ ಅದು ಎಲ್ಲೋ ಮೇಲೆ ಹೋಗಿರುತ್ತದೆ. ಮುಂದಿನ ವರ್ಷ ಬೇಕೆಂದರೆ ಸಿಗುವುದಿಲ್ಲ. 2017ರಿಂದ ಇರುವ ಸರ್ಕಾರದ ಕಲಿಕಾ ತಾಣ ದೀಕ್ಷಾ ಒಳ್ಳೆಯದೇ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ವಿಡಿಯೊ ಬರುತ್ತದೆ. ಆದರೆ ಆ ವಿಡಿಯೊ ನೋಡಿದ ಗುರುಮಠಕಲ್‌ನ ಶಿಕ್ಷಕ ತನ್ನ ಅನುಮಾನವನ್ನು ಇನ್ನೊಬ್ಬರ ಮುಂದೆ ಇಡಬೇಕಲ್ವಾ?

ಮಕ್ಕಳ ವಿಷಯಕ್ಕೆ ಬರುತ್ತೇನೆ. ಜಿಯೋಜೀಬ್ರಾ ಅಂತ ಒಂದು ಗಣಿತದ ತಂತ್ರಾಂಶ ಇದೆ. ಮಾರ್ಕಸ್ ಹೋಹೆನ್‌ವಾರ್ಟರ್ ಅನ್ನುವವರು 2001ರಲ್ಲಿ ಆಸ್ಟ್ರಿಯಾದಲ್ಲಿ ಶುರು ಮಾಡಿದ್ದು. ಶಾಲೆಗಳಿಗೆ ಪುಕ್ಕಟೆ. ಒಂದು ಲ್ಯಾಪ್‌ಟಾಪಿನ ಸುತ್ತ ನಾಲ್ಕು ಮಕ್ಕಳನ್ನು ಕೂರಿಸಿ, ವೃತ್ತ ಬರೆದು, ವ್ಯಾಸ ಎಳೆದು, ವೃತ್ತದ ಮೇಲೊಂದು ಬಿಂದು ಇಟ್ಟು ತ್ರಿಭುಜ ಮಾಡಿಸುತ್ತಿದ್ದೆ. ಒಬ್ಬಳು ಬಿಂದುವನ್ನು ಎಳೆಯುತ್ತಾಳೆ, ಇನ್ನೊಬ್ಬ ಕೋನ ಓದುತ್ತಾನೆ, ಮತ್ತೊಬ್ಬ ಬರೆದುಕೊಳ್ಳುತ್ತಾನೆ. "ಎಲ್ಲಿಗಿ ಒಯ್ದ್ರೂ ತೊಂಬತ್ತೇ ಬರ್ತದರಿ ಸರ್!" ಅಂತ ಒಂದು ಕೂಗು. ನಾಲ್ಕನೆಯವಳು ಸುಮ್ನೆ ನೋಡುತ್ತಿದ್ದವಳು "ಯಾಕ್ ಬರ್ತದ?" ಅಂದಳು. ಅಲ್ಲಿಂದ ಜಗಳ ಶುರು. ಕೇಂದ್ರದಿಂದ ಆ ಬಿಂದುವಿಗೆ ಒಂದು ಗೆರೆ ಎಳೆಯಿರಿ ಅಂತಷ್ಟೇ ಹೇಳಿದೆ. ತ್ರಿಜ್ಯಗಳೆಲ್ಲ ಸಮ, ಹಾಗಾಗಿ ಎರಡು ಸಮದ್ವಿಬಾಹು ತ್ರಿಭುಜ ಅಂತ ಅವರೇ ಹುಡುಕಿದರು. ಆ ಪ್ರಮೇಯವನ್ನು ಅವರಿಗೆ ಬಾಯಿಪಾಠ ಮಾಡಿಸುವ ಕೆಲಸ ನನಗೆ ಬೀಳಲಿಲ್ಲ.

ನಾಲ್ಕು ಮಕ್ಕಳಿಗೆ ನಾಲ್ಕು ಟ್ಯಾಬ್ ಕೊಟ್ಟಿದ್ದರೆ ಈ ಜಗಳ ಆಗುತ್ತಲೇ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಮಗುವಿಗೊಂದು ಟ್ಯಾಬ್ ಅನ್ನುವ ಯೋಜನೆ ಯಾರಾದರೂ ತಂದರೆ ಅವಸರ ಮಾಡಬೇಡಿ. ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿ, ಗಡಿ ಊರಿನ ಮಗುವಿನದು ತೆಲುಗು ಅಥವಾ ಉರ್ದು. ವಿಡಿಯೊದೊಳಗಿನ ಬೆಂಗಳೂರು ಕನ್ನಡ ಅದಕ್ಕೆ ಅರ್ಧವೇ ತಿಳಿಯುತ್ತದೆ. ಉಳಿದರ್ಧ ಹೇಳಿಕೊಡುವವರು ಪಕ್ಕದಲ್ಲಿ ಕೂತ ಗೆಳೆಯರು.

ಇನ್ನು ಗುಳೆ. ತಂದೆ-ತಾಯಿಯ ಜೊತೆ ಬೆಂಗಳೂರಿಗೋ ಪುಣೆಗೋ ಹೋದ ಮಗು ತಿಂಗಳುಗಟ್ಟಲೆ ಶಾಲೆಯಿಂದ ದೂರ ಉಳಿಯುತ್ತದೆ. ಅಪ್ಪನ ಫೋನಿಗೆ ಗೆಳತಿಯರು ದಿನಾ ನೋಟ್ಸಿನ ಫೋಟೊ ಕಳಿಸಿ, ಅರ್ಥವಾಗದ್ದನ್ನು ಧ್ವನಿ ಸಂದೇಶದಲ್ಲಿ ಹೇಳಿ, ಒಬ್ಬ ಹುಡುಗಿಯನ್ನು ಪರೀಕ್ಷೆಗೆ ಕೂರುವಂತೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಕ್ಕಳು ತಾವಾಗಿಯೇ ಮಾಡಿದ್ದು ಅದು. ಒಬ್ಬ ಶಿಕ್ಷಕರಿಗೆ ಈ ಜವಾಬ್ದಾರಿ ಕೊಟ್ಟು, ಡೇಟಾ ಖರ್ಚು ಶಾಲೆಯೇ ಕೊಟ್ಟರೆ ಇನ್ನೆಷ್ಟು ಮಕ್ಕಳು ಉಳಿದಾರು!

ಹಾಗಾದರೆ ನಿಮ್ಮಿಂದ ಏನು ಬೇಕು? ಮೊದಲನೆಯದಾಗಿ ಸಮಯ. ತಿಂಗಳಿಗೊಂದು ಮಧ್ಯಾಹ್ನ, ಶಾಲೆಯ ಅವಧಿಯಲ್ಲೇ, ತಾಲ್ಲೂಕಿನ ಒಂದೇ ವಿಷಯದ ಶಿಕ್ಷಕರೆಲ್ಲ ಪರದೆಯ ಮೇಲೆ ಸೇರಲಿ. ಆ ಹೊತ್ತು ಮಾಹಿತಿ ಕೇಳುವುದು ಬೇಡ, ತಪಾಸಣೆ ಬೇಡ, ಪಾಠದ ಮಾತು ಮಾತ್ರ. ಅತಿಥಿ ಶಿಕ್ಷಕರಿಗೂ ಅಲ್ಲಿ ಜಾಗ ಇರಬೇಕು, ಆ ಹೊತ್ತಿಗೂ ಗೌರವಧನ ಸಿಗಬೇಕು. ಇದಕ್ಕೆ ಶಿಕ್ಷಣ ಇಲಾಖೆ ಒಪ್ಪಬೇಕು. ನೀವು ಕೇಳಿದರೆ ಒಪ್ಪುತ್ತಾರೆ ಅನ್ನುವ ನಂಬಿಕೆ ನನಗಿದೆ. ಅಲ್ಲಿ ತಯಾರಾದ ಪಾಠಗಳು ಯಾವ ಕಂಪನಿಯ ಬೀಗದೊಳಗೂ ಸೇರದೆ ಎಲ್ಲರಿಗೂ ಮುಕ್ತವಾಗಿರಲಿ.

ಎರಡನೆಯದು ದುರಸ್ತಿ. ಬ್ಯಾಟರಿ ಸತ್ತ ಯುಪಿಎಸ್ ಒಂದರಿಂದ ಇಡೀ ಸ್ಮಾರ್ಟ್ ಕ್ಲಾಸ್ ಬಟ್ಟೆ ಹೊದ್ದು ಕೂತಿದ್ದ ಶಾಲೆಯನ್ನು ನೋಡಿದ್ದೇನೆ. ಟೆಂಡರಿನಲ್ಲಿ ಯಂತ್ರದ ಬೆಲೆಯ ಜೊತೆಗೆ ಐದು ವರ್ಷದ ನಿರ್ವಹಣೆ ಇರಲಿ, ತಾಲ್ಲೂಕಿಗೆ ಒಬ್ಬ ರಿಪೇರಿ ಹುಡುಗ ಇರಲಿ. ನೆಟ್‌ವರ್ಕ್ ಸಿಗದ ಊರುಗಳಿಗೂ ದಾರಿ ಇದೆ. ಕಿವಿಕ್ಸ್, ಕೋಲಿಬ್ರಿಯಂಥ ಉಚಿತ ತಂತ್ರಾಂಶಗಳನ್ನು ಶಾಲೆಯ ಒಂದು ಸಣ್ಣ ಕಂಪ್ಯೂಟರಿಗೆ ಹಾಕಿಟ್ಟರೆ ಇಂಟರ್ನೆಟ್ ಇಲ್ಲದೆಯೇ ಕನ್ನಡ ವಿಕಿಪೀಡಿಯ, ಪಾಠ, ಅಭ್ಯಾಸ ಎಲ್ಲ ಶಾಲೆಯ ವೈಫೈನಲ್ಲೇ ಸಿಗುತ್ತವೆ.

ಎಲ್ಲ ಜಿಲ್ಲೆಗೂ ಒಮ್ಮೆಲೇ ಬೇಡ. ಬರುವ ಜೂನ್‌ನಿಂದ ಒಂದೇ ತಾಲ್ಲೂಕು, ಒಂದೇ ವಿಷಯ ತೆಗೆದುಕೊಳ್ಳಿ. ಸುರಪುರ ಮತ್ತು ಗಣಿತ ಆದರೆ ಮೊದಲ ವರ್ಷ ಆ ಸಭೆಗಳನ್ನು ಸಂಬಳವಿಲ್ಲದೆ ನಡೆಸಿಕೊಡಲು ನಾನು ತಯಾರಿದ್ದೇನೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ
ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ