ಗೇಟಿನ ಬಳಿ ನಿಂತವರ ಮಾತು ಕೇಳಲು ಒಬ್ಬರಿರಲಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿರುವ ಒಂದು ಬೈಲಿನವ. ಹದಿನೇಳು ವರ್ಷ ಸೇನೆಯಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದೆ. ಈಗ ಸ್ವಲ್ಪ ಅಡಿಕೆ, ಒಂದಿಷ್ಟು ಕಾಳುಮೆಣಸು ನೋಡಿಕೊಂಡಿದ್ದೇನೆ. ಮಾಜಿ ಸೈನಿಕರೂ ಅವರ ವಿಧವೆಯರೂ ಕನ್ನಡದಲ್ಲಿ ತರುವ ಅರ್ಜಿಗಳನ್ನು ಓದಿ ಕೇಳಲು ಒಬ್ಬರನ್ನು ಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ. ನಿಮಗೆ ಕನ್ನಡ ಬಾರದಿದ್ದರೆ ಈ ಪತ್ರವನ್ನು ಯಾರಾದರೂ ಓದಿ ಹೇಳಬೇಕಾದೀತು. ಹಾಗೆ ಓದಿ ಹೇಳುವವರಿಗೂ ನನ್ನ ನಮಸ್ಕಾರ. ನಾನೂ ಒಂದು ಕಾಲದಲ್ಲಿ ಅದೇ ಕೆಲಸ ಮಾಡಿದವ, ಬೇರೆ ದೇಶದಲ್ಲಿ, ಯುದ್ಧದ ನಡುವೆ.

1987ರ ಜುಲೈ 29ರಂದು ಭಾರತ–ಶ್ರೀಲಂಕಾ ಒಪ್ಪಂದವಾಯಿತು, ನಮ್ಮ ಸೇನೆ ಶಾಂತಿ ಕಾಪಾಡಲೆಂದು ಅಲ್ಲಿಗೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಅಲ್ಲಿನ ತಮಿಳರ ಸಶಸ್ತ್ರ ಸಂಘಟನೆಯಾದ ಎಲ್‌ಟಿಟಿಇ ಜತೆ ಕಾದಾಟವೇ ಶುರುವಾಯಿತು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ಟ್ರಿಂಕೋಮಲಿಯಿಂದ ಹಡಗು ಹತ್ತುವಾಗ ನಮ್ಮವರು ಸುಮಾರು 1,200 ಮಂದಿ ಸತ್ತಿದ್ದರು. ನಾನು ಅಲ್ಲಿಗೆ ಹೋದದ್ದು 1988ರಲ್ಲಿ, ಜಾಫ್ನಾದ ಕಡೆಗೆ. ನನ್ನದು ಸ್ಯಾಪರ್ ಕೆಲಸ, ಅಂದರೆ ನೆಲದಲ್ಲಿ ಹೂತಿಟ್ಟದ್ದನ್ನು ಹುಡುಕುವುದು.

ಊರಿನ ಮಕ್ಕಳು ನನ್ನಲ್ಲಿ ಕೇಳುವುದು ಗುಂಡಿನ ಕತೆ. ಅಲ್ಲಿ ಗುಂಡು ಹಾರಿದ ಹೊತ್ತನ್ನೆಲ್ಲ ಒಟ್ಟು ಸೇರಿಸಿದರೂ ಕೆಲವು ಗಂಟೆಗಳಾಗಬಹುದು. ಉಳಿದದ್ದೆಲ್ಲ ಶಿಬಿರ. ನಿಮಗೆ ನಾನು ಹೇಳಬೇಕೆಂದಿರುವುದೂ ಆ ಶಿಬಿರದಲ್ಲೇ ಕಲಿತದ್ದು.

ನಮ್ಮ ಶಿಬಿರ ಇದ್ದದ್ದು ಒಂದು ಶಾಲೆಯಲ್ಲಿ. ಕಿಟಕಿಗಳಿಗೆ ಮರಳು ಚೀಲ, ಅಂಗಳದಲ್ಲಿ ತಾಳೆಮರದ ದಿಮ್ಮಿ ಅಡ್ಡ ಹಾಕಿ ಮಣ್ಣು ಮುಚ್ಚಿದ ಬಂಕರು. ನಾನು ಮಲಗುತ್ತಿದ್ದ ಕೋಣೆಯ ಕರಿಹಲಗೆಯ ಮೇಲೆ ಯಾವುದೋ ಲೆಕ್ಕ ಅರ್ಧಕ್ಕೆ ನಿಂತಿತ್ತು. ಅದನ್ನು ಒರೆಸಲು ನಮಗೆ ಯಾರಿಗೂ ಮನಸ್ಸು ಬರಲಿಲ್ಲ. ಬೆಳಗ್ಗೆ ನಾಲ್ಕೂವರೆಗೆ ‘ಸ್ಟ್ಯಾಂಡ್ ಟು’. ಎಲ್ಲರೂ ಬೂಟು ಬಿಗಿದು, ರೈಫಲ್ ಹಿಡಿದು, ಕಂದಕದಲ್ಲಿ ಹೊರಗೆ ಮುಖ ಮಾಡಿ ನಿಲ್ಲಬೇಕು. ಮಾತಿಲ್ಲ, ಬೀಡಿಯಿಲ್ಲ. ನಸುಕಿನಲ್ಲಿ ದಾಳಿಯಾಗುವ ಸಂಭವ ಹೆಚ್ಚು ಎಂದು ಈ ಕ್ರಮ. ಬೆಳಕು ಹರಿಯುತ್ತಿದ್ದಂತೆ ತಾಳೆಮರಗಳ ತಲೆ ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ದೂರದಲ್ಲಿ ಬಾವಿಯ ರಾಟೆಯ ಸದ್ದು ಕೇಳಿಸಿದರೆ ನಮಗೆ ಸಮಾಧಾನ, ಆ ಮನೆಯವರು ಹೆದರಿ ಓಡಿಹೋಗಿಲ್ಲ ಎಂದು. ಯಾವ ದಿನ ಆ ಸದ್ದು ಕೇಳಲಿಲ್ಲವೋ ಆ ದಿನ ರಸ್ತೆಯಲ್ಲಿ ಏನೋ ಇದೆ ಎಂದು ತಿಳಿದುಕೊಳ್ಳುತ್ತಿದ್ದೆವು.

ಮಗ್ಗಿನಲ್ಲಿ ಚಹಾ, ಮತ್ತೊಂದು ಮಗ್ ನೀರಿನಲ್ಲಿ ಕ್ಷೌರ, ಆಮೇಲೆ ರೋಡ್ ಓಪನಿಂಗ್. ಶಿಬಿರಕ್ಕೆ ರೇಷನ್ ಲಾರಿ ಬರಬೇಕಾದರೆ ಆ ರಸ್ತೆಯನ್ನು ನಾವು ಪ್ರತಿದಿನ ಹೊಸದಾಗಿ ನಡೆದು ನೋಡಬೇಕು. ಪ್ಲಾಸ್ಟಿಕ್ ಕ್ಯಾನಿನಲ್ಲಿ ಮದ್ದು ತುಂಬಿ ಹೂತಿಟ್ಟರೆ ಡಿಟೆಕ್ಟರು ಕೂಗುವುದಿಲ್ಲ. ಅದಕ್ಕೆ ಕಣ್ಣೇ ಗತಿ. ಮೋರಿಯ ಬಾಯಲ್ಲಿ ಹೊಸ ಮಣ್ಣು, ಡಾಮರಿನ ಬಣ್ಣದಲ್ಲಿ ಕೈಯಗಲದ ವ್ಯತ್ಯಾಸ, ಬೇಲಿಯ ಬುಡದಲ್ಲಿ ಎಳೆದ ವೈರು. ಆರು ಕಿಲೋಮೀಟರ್ ನಡೆಯಲು ನಾಲ್ಕು ಗಂಟೆ. ನನ್ನ ಮುಂದೆ ನಡೆಯುತ್ತಿದ್ದವರು ನಮ್ಮ ಪಕ್ಕದ ಬೈಲಿನವರೇ, ನನಗಿಂತ ಮೂರು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದದ್ದು. ಮಂಡಿಯೂರಿ, ಬೆರಳ ತುದಿಯಲ್ಲಿ ಮಣ್ಣು ಸರಿಸುವಾಗ ಅವರು ತುಳುವಿನಲ್ಲಿ ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದರು. ದೈವಕ್ಕೆ ಹರಕೆ ಇರಬೇಕು, ನಾನು ಕೇಳಲಿಲ್ಲ. ಒಂದು ದಿನ ಅವರಿಗಿಂತ ಸ್ವಲ್ಪ ದೂರದಲ್ಲಿ ಮೋರಿ ಸಿಡಿಯಿತು. ಅವರ ಎಡಗಿವಿಗೆ ಮತ್ತೆ ಸರಿಯಾಗಿ ಕೇಳಿಸಲಿಲ್ಲ.

ಊಟ, ಗಾರ್ಡು, ಮಳೆಗಾಲದಲ್ಲಿ ಕಂದಕದಿಂದ ನೀರು ಮೊಗೆದು ಹೊರಗೆ ಹಾಕುವುದು, ಸೊಳ್ಳೆ, ಜ್ವರ. ಇವೆಲ್ಲ ಎಲ್ಲ ಶಿಬಿರಗಳಲ್ಲೂ ಇದ್ದದ್ದೇ. ಮನೆಯಿಂದ ಇನ್‌ಲ್ಯಾಂಡ್ ಬಂದರೆ ಮಾತ್ರ ಆ ದಿನವೇ ಬೇರೆ. ಅಮ್ಮನಿಗೆ ಬರೆಯಲು ಬಾರದು, ತಂಗಿ ಬರೆಯುತ್ತಿದ್ದಳು: ‘ಅಡಿಕೆಗೆ ಮದ್ದು ಬಿಟ್ಟಾಯಿತು, ಕೆಂಪಿ ಕರು ಹಾಕಿದ್ದಾಳೆ, ಅಣ್ಣ ಯಾವಾಗ ಬರುವುದು ಎಂದು ಅಮ್ಮ ಕೇಳುತ್ತಿದ್ದಾರೆ.’ ಅದನ್ನು ನಾನೂ ಪಕ್ಕದ ಬೈಲಿನ ಆ ಅಣ್ಣನೂ ಸೇರಿ ಓದುತ್ತಿದ್ದೆವು. ಆ ಶಿಬಿರದಲ್ಲಿ ಕನ್ನಡ ಓದಲು ಬರುತ್ತಿದ್ದವರು ನಾವಿಬ್ಬರೇ.

ಈಗ ಗೇಟಿನ ವಿಷಯಕ್ಕೆ ಬರುತ್ತೇನೆ. ಒಂಬತ್ತು ಗಂಟೆಯಾಗುತ್ತಿದ್ದಂತೆ ಮುಳ್ಳುತಂತಿಯ ಆಚೆ ಜನ ಸೇರುತ್ತಿದ್ದರು. ಮಗನನ್ನು ಹಿಡಿದುಕೊಂಡು ಹೋಗಿದ್ದಾರೆ, ಸೈಕಲ್ ಇಟ್ಟುಕೊಂಡಿದ್ದಾರೆ, ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಬೇಕು, ಕರ್ಫ್ಯೂ ಪಾಸ್ ಕೊಡಿ. ಹೆಂಗಸರು ನಮ್ಮಿಂದ ಹತ್ತು ಮಾರು ದೂರದಲ್ಲೇ ನಿಲ್ಲುತ್ತಿದ್ದರು. ಯಾಕೆಂದು ಆಮೇಲೆ ತಿಳಿಯಿತು. ನಾವು ಹೋಗುವ ಮೊದಲು, 1987ರ ಅಕ್ಟೋಬರ್ 21ರಂದು, ನಮ್ಮ ಸೇನೆ ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದಾಗ ರೋಗಿಗಳು, ವೈದ್ಯರು, ದಾದಿಯರು ಸತ್ತಿದ್ದರು. ನಾನು ತೊಟ್ಟ ಸಮವಸ್ತ್ರದ ಬಗ್ಗೆ ನನಗೆ ಗೌರವವಿದೆ. ಆ ಗೌರವ ಇರುವುದರಿಂದಲೇ ಇದನ್ನು ಮುಚ್ಚಿಡಲಾರೆ.

ಶಿಬಿರದಲ್ಲಿದ್ದ ಬೆಟಾಲಿಯನ್ ಉತ್ತರ ಭಾರತದ್ದು. ತಮಿಳು ಬಲ್ಲ ಜವಾನರನ್ನು ಬೇರೆ ಬೇರೆ ಕಡೆಗೆ ಹಂಚಿದ್ದರು. ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಕಲಿತ ಮಲಯಾಳ ನನ್ನ ಬಾಯಲ್ಲಿತ್ತು, ಅದು ತಮಿಳಿಗೆ ಹತ್ತಿರ, ಹಾಗಾಗಿ ಸುಬೇದಾರ್ ಸಾಹೇಬರು ನನ್ನನ್ನು ಗೇಟಿನಲ್ಲಿ ನಿಲ್ಲಿಸಿದರು. ಮೊದಲ ದಿನವೇ ಒಬ್ಬ ಮುದುಕರು ಪ್ಲಾಸ್ಟಿಕ್ ಕವರಿನಿಂದ ಹುಡುಗನ ಫೋಟೊ ತೆಗೆದು ‘ಎಂಡ ಮಗನ್’ ಎಂದರು. ನಮ್ಮಲ್ಲಿ ‘ಎಂಡೆ ಮಗನ್’ ಎನ್ನುತ್ತಾರಲ್ಲ, ಅಷ್ಟೇ ವ್ಯತ್ಯಾಸ. ಅದುವರೆಗೆ ಅಲ್ಲಿನ ಜನ ನನಗೆ ಬೇಲಿಯ ಆಚೆಯವರಾಗಿದ್ದರು. ನಾನು ಹೆಸರು, ಊರು, ಹಿಡಿದ ದಿನ ಕೇಳಿ ಜೇಬಿನ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಂಡೆ, ಆಮೇಲೆ ಸಾಹೇಬರಿಗೆ ಹಿಂದಿಯಲ್ಲಿ ಹೇಳಿದೆ. ಮುದುಕರು ಪ್ರತಿದಿನ ಬಂದರು. ಹೇಳಲು ಹೊಸದೇನೂ ಇರಲಿಲ್ಲ, ನಿನ್ನೆ ಹೇಳಿದ್ದನ್ನೇ ಹೇಳುತ್ತಿದ್ದರು, ನಾನೂ ಪೂರ್ತಿ ಕೇಳುತ್ತಿದ್ದೆ. ಒಂದು ದಿನ ಬೇಯಿಸಿದ ತಾಳೆ ಮೊಳಕೆ ತಂದು ಕೊಟ್ಟರು. ಹೊರಗಿನವರು ಕೊಟ್ಟದ್ದನ್ನು ತಿನ್ನಬಾರದೆಂದು ಆಜ್ಞೆ. ತೆಗೆದುಕೊಂಡೆ, ತಿನ್ನಲಿಲ್ಲ. ತಿನ್ನಬಹುದಿತ್ತು ಎಂದು ಈಗ ಅನಿಸುತ್ತದೆ. ಅವರ ಮಗ ಸಿಕ್ಕಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ನಮ್ಮನ್ನು ಬೇರೆ ಕಡೆಗೆ ಕಳಿಸಿದರು.

ಅಲ್ಲಿಯ ಒಬ್ಬ ನಿವೃತ್ತ ಮಾಸ್ತರರು ಪಾಸಿಗಾಗಿ ಬಂದಾಗ ಹೇಳಿದ್ದರು, ಸರಕಾರದಿಂದ ಬರುವ ಕಾಗದ ತನಗೆ ಓದಲು ಬಾರದ ಭಾಷೆಯಲ್ಲಿ ಬರತೊಡಗಿದ ದಿನದಿಂದ ಮನೆಯ ಹುಡುಗರು ತನ್ನ ಮಾತು ಕೇಳುವುದನ್ನು ಬಿಟ್ಟರು ಎಂದು. ಸಿಂಹಳ ಒಂದೇ ಅಧಿಕೃತ ಭಾಷೆ ಎಂಬ ಕಾನೂನು ಅಲ್ಲಿ ಬಂದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವ ನಾನಲ್ಲ. ನಮಗೆ ಇಲ್ಲಿ ಕನ್ನಡ ಶಾಲೆಗಳಿವೆ, ಮಲಯಾಳ ಮಾತಾಡುವ ನೆರೆಯವರ ಮದುವೆಗೆ ನಾವೂ ನಮ್ಮದಕ್ಕೆ ಅವರೂ ಬರುತ್ತೇವೆ. ಆದರೆ ಕಾಗದ ಓದಲಾರದೆ ಕೈಯಲ್ಲಿ ಹಿಡಿದು ನಿಲ್ಲುವ ಮನುಷ್ಯನ ಮುಖ ಹೇಗಿರುತ್ತದೆಂದು ನಾನು ನೋಡಿದ್ದೇನೆ. ಕಳೆದ ವರ್ಷ ಅದೇ ಮುಖವನ್ನು ನಮ್ಮ ಜಿಲ್ಲೆಯಲ್ಲೇ ನೋಡಿದೆ.

ನನ್ನ ಮುಂದೆ ರಸ್ತೆಯಲ್ಲಿ ಮಂಡಿಯೂರುತ್ತಿದ್ದ ಆ ಅಣ್ಣ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅತ್ತಿಗೆಗೆ ಕುಟುಂಬ ಪಿಂಚಣಿ ಬರಬೇಕು. ಸೇನೆಯ ದಾಖಲೆಯಲ್ಲಿ ಅತ್ತಿಗೆಯನ್ನು ಮನೆಯಲ್ಲಿ ಕರೆಯುವ ಹೆಸರಿದೆ, ಆಧಾರಿನಲ್ಲಿ ಶಾಲೆಯ ಹೆಸರು. ಎರಡೂ ಒಬ್ಬರೇ ಎಂದು ತೋರಿಸಬೇಕು. ಅವರು ಐದನೇ ಕ್ಲಾಸು ಓದಿದ್ದು ಕನ್ನಡದಲ್ಲಿ, ಮನೆಯಲ್ಲಿ ಆಡುವುದು ತುಳು. ಸೇನೆಯ ಪಿಂಚಣಿ ನೋಡಿಕೊಳ್ಳುವ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಿಂದ ಮೊಬೈಲಿಗೆ ಬರುವ ಸಂದೇಶ ಇಂಗ್ಲಿಷು, ಕಚೇರಿಯ ಬೋರ್ಡು ಮಲಯಾಳ. ತಾವೇ ಕೂತು ಎರಡು ಹಾಳೆ ಅರ್ಜಿ ಬರೆದರು, ಒಳ್ಳೆಯ ದುಂಡು ಅಕ್ಷರ. ಒಂದು ಕಚೇರಿಯಲ್ಲಿ ಅದನ್ನು ತಿರುಗಿಸಿ ನೋಡಿ, ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆಸಿ ತನ್ನಿ ಎಂದು ವಾಪಸು ಕೊಟ್ಟರು. ಮೂರು ಸಲ ಹೀಗಾಯಿತು. ಕಚೇರಿಯ ಹೆಸರು ಹೇಳುವುದಿಲ್ಲ. ಅಲ್ಲಿ ಕೂತಿದ್ದ ಹುಡುಗನ ಮೇಲೆ ನನಗೆ ಸಿಟ್ಟೂ ಇಲ್ಲ, ಅವನಿಗೆ ಕನ್ನಡ ಓದಲು ಬರುವುದಿಲ್ಲ. ಮೂರನೆಯ ಸಲ ಅತ್ತಿಗೆ ಆ ಹಾಳೆಗಳನ್ನು ಮಡಚಿ ಸೆರಗಿನಡಿ ಇಟ್ಟುಕೊಂಡು, ‘ಇನ್ನು ಬೇಡ ಮಾರಾಯ, ಮನೆಗೆ ಹೋಗುವ’ ಎಂದರು.

ತನ್ನ ಅಹವಾಲನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೂ ಇದೆ. ನಾನು ಕೇಳುವುದು ಹೊಸ ಕಾನೂನಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಮಾಜಿ ಸೈನಿಕರೂ ಅವರ ವಿಧವೆಯರೂ ಬರುವ ಕಡೆ ಕನ್ನಡ ಓದಿ, ಕೇಳಿ, ಬರೆದುಕೊಳ್ಳುವ ಒಬ್ಬರನ್ನು ಕೂರಿಸಿ. ವಾರಕ್ಕೆ ಒಂದು ದಿನವಾದರೂ ಸಾಕು. ಆ ಯುದ್ಧಕ್ಕೆ ಹೋಗಿ ಬಂದವರಿಗೆಲ್ಲ ಈಗ ವಯಸ್ಸಾಯಿತು, ಇನ್ನು ಬರುವ ಅರ್ಜಿಗಳು ಹೆಚ್ಚಾಗಿ ಹೆಂಗಸರದ್ದೇ. ನೇಮಕವಾಗುವವರೆಗೆ ಸಂಬಳವಿಲ್ಲದೆ ಕೂರಲು ನಾನು ತಯಾರಿದ್ದೇನೆ. ಗೇಟಿನಲ್ಲಿ ನಿಂತು ಅಭ್ಯಾಸವಿದೆ.

ಅತ್ತಿಗೆಯ ಕಡತ ನನ್ನ ಹತ್ತಿರವಿದೆ, ಒಟ್ಟು ಹನ್ನೊಂದು ಹಾಳೆ. ಅವರೇ ಬರೆದ ಎರಡು ಹಾಳೆಗಳನ್ನು ಮೇಲೆಯೇ ಇಟ್ಟಿದ್ದೇನೆ. ನೀವು ದಿನ ಹೇಳಿದರೆ ಮೊದಲ ಬಸ್ಸಿಗೆ ಹೊರಟು ಹತ್ತು ಗಂಟೆಯೊಳಗೆ ವಿದ್ಯಾನಗರದ ನಿಮ್ಮ ಕಚೇರಿಯ ಎದುರು ಇರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹವಾಲ್ದಾರ